ಸಾಮಾನು ಕಮ್ಮಿಯಾದರೆ ಮನೆಕೆಲಸ ತಾನಾಗೇ ಕಮ್ಮಿ

2023ರಲ್ಲಿ ನಾವು ಬಾಡಿಗೆ ಮನೆ ಬದಲಾಯಿಸಿದೆವು. ಬೆಂಗಳೂರಿನಲ್ಲೇ, ಒಂದು ಏರಿಯಾದಿಂದ ಇನ್ನೊಂದಕ್ಕೆ. ಸಾಮಾನು ಕಟ್ಟಲು ಬಂದ ಹುಡುಗರು ಸಂಜೆ ಹೊತ್ತಿಗೆ ಲೆಕ್ಕ ಹೇಳಿದರು: 58 ರಟ್ಟಿನ ಡಬ್ಬ. ಅದರಲ್ಲಿ 19 ಬರೀ ಅಡುಗೆಮನೆಯದು. ಮನೆಯಲ್ಲಿ ಇರೋದು ನಾಲ್ಕೇ ಜನ. "ಆಂಟಿ, ಮುಂಚೆ ಹೋಟೆಲ್ ಏನಾದ್ರೂ ಇಟ್ಟಿದ್ರಾ?" ಅಂತ ಒಬ್ಬ ಕೇಳಿದ. ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಹೊಸ ಮನೆಯಲ್ಲಿ ಮೊದಲ ವಾರ ಪುರುಸೊತ್ತೇ ಆಗಲಿಲ್ಲ. ಅಡುಗೆಮನೆಯ ಎರಡು ಡಬ್ಬ ಮಾತ್ರ ಬಿಚ್ಚಿದೆ. ನಾಲ್ಕು ತಟ್ಟೆ, ಆರು ಲೋಟ, ಒಂದು ಕುಕ್ಕರ್, ಒಂದು ಬಾಣಲೆ, ದೋಸೆ ಕಾವಲಿ, ಮಿಕ್ಸಿ, ಒಗ್ಗರಣೆ ಡಬ್ಬಿ. ಇಷ್ಟರಲ್ಲೇ ವಾರ ಕಳೆಯಿತು. ಅನ್ನ ಸಾರು ಆಯಿತು, ಚಪಾತಿ ಪಲ್ಯ ಆಯಿತು, ಭಾನುವಾರ ದೋಸೆಯೂ ಆಯಿತು. ಮತ್ತೆ ರಾತ್ರಿ ಒಂಬತ್ತಕ್ಕೆಲ್ಲ ಸಿಂಕ್ ಖಾಲಿ! ಹಳೇ ಮನೆಯಲ್ಲಿ ಹತ್ತೂವರೆ ಆದರೂ ಪಾತ್ರೆ ಉಜ್ಜುತ್ತಾ ನಿಂತಿರುತ್ತಿದ್ದೆ.

ಆಗ ತಲೆಗೆ ಹೊಳೆಯಿತು. ಮನೆಕೆಲಸದಲ್ಲಿ ಅರ್ಧ ಭಾಗ ಸಾಮಾನು ಎತ್ತಿ ಇಡೋದೇ. ಅಡುಗೆ ಕಟ್ಟೆ ಒರೆಸಲು ಎರಡು ನಿಮಿಷ ಸಾಕು, ಆದರೆ ಒರೆಸುವ ಮುಂಚೆ ಎಣ್ಣೆ ಕ್ಯಾನು, ಉಪ್ಪಿನಕಾಯಿ ಭರಣಿ, ಯಾರೋ ಕೊಟ್ಟ ಜ್ಯೂಸರ್, ನಿನ್ನೆ ಬಂದ ಪಾರ್ಸೆಲ್ ಡಬ್ಬಿ, ಇವನ್ನೆಲ್ಲ ಎತ್ತಿ ಆಚೆ ಇಟ್ಟು, ಒರೆಸಿ, ಮತ್ತೆ ತಂದು ಜೋಡಿಸಬೇಕು, ಅದೂ ದಿನಾ. ಸಾಮಾನು ಕಮ್ಮಿ ಮಾಡಿದರೆ ಕೆಲಸ ಕಮ್ಮಿಯಾಗುತ್ತದೆ, ಇಷ್ಟೇ ನನ್ನ ಲೆಕ್ಕ. ಹೇಗೆ ಮಾಡಿದೆ ಅಂತ ಕೆಳಗೆ ಬರೆದಿದ್ದೇನೆ, ನಿಮ್ಮ ಮನೆಗೆ ಹೊಂದುವುದನ್ನು ತಗೊಳ್ಳಿ.

ಅಟ್ಟಕ್ಕೆ ಮೊದಲೇ ಕೈ ಹಾಕಬೇಡಿ

ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಹಬ್ಬ ಮೂರು ದಿನ ಇದೆ ಅನ್ನುವಾಗ ಸ್ಟೂಲ್ ಹಾಕಿಕೊಂಡು ಅಟ್ಟ ಹತ್ತುತ್ತೇವೆ. ಎಲ್ಲ ಕೆಳಗಿಳಿಸುತ್ತೇವೆ. ಧೂಳಿಗೆ ಸೀನು ಶುರುವಾಗುತ್ತದೆ, ಹಳೇ ಆಲ್ಬಮ್ ಸಿಗುತ್ತದೆ, ಅದನ್ನು ನೋಡುತ್ತಾ ಕೂರುತ್ತೇವೆ, ಸಂಜೆಯಾಗುತ್ತದೆ, ಇಳಿಸಿದ್ದನ್ನೆಲ್ಲ ಹಾಗೇ ವಾಪಸ್ ಏರಿಸುತ್ತೇವೆ. ಸೊಂಟ ನೋವು ಮಾತ್ರ ಲಾಭ.

ಅಟ್ಟದಲ್ಲಿರುವ ಸಾಮಾನು ನಿಮ್ಮ ದಿನದ ಕೆಲಸಕ್ಕೆ ಅಡ್ಡ ಬರುತ್ತಿಲ್ಲ. ಅಡ್ಡ ಬರುತ್ತಿರುವುದು ಸಿಂಕಿನ ಪಕ್ಕ, ಗ್ಯಾಸ್ ಒಲೆ ಹತ್ತಿರ, ನೆಲದ ಮೇಲೆ, ಸೋಫಾ ಮೇಲೆ ಇರುವುದು. ದಿನಾ ಎಲ್ಲಿ ನಿಲ್ಲುತ್ತೀರೋ ಅಲ್ಲಿಂದ ಶುರು ಮಾಡಿ. ಒಂದು ಸಲಕ್ಕೆ ಒಂದು ಖಾನೆ, ಇಲ್ಲ ಒಂದು ಡ್ರಾಯರ್. ಅನ್ನಕ್ಕೆ ಇಟ್ಟು ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಮುಗಿಯುವಂಥ ಜಾಗ ಆರಿಸಿಕೊಳ್ಳಿ.

ತಟ್ಟೆ ಲೋಟದ ಲೆಕ್ಕ

ಒಂದೇ ಒಂದು ಕೆಲಸ ಮಾಡುತ್ತೀನಿ ಅನ್ನುವವರು ಇದನ್ನು ಮಾಡಿ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ತಟ್ಟೆ, ಜೊತೆಗೆ ಎರಡು. ಲೋಟವೂ ಹಾಗೇ, ಬಟ್ಟಲು ಚಮಚವೂ ಹಾಗೇ. ಉಳಿದದ್ದನ್ನು ಒಂದು ಡಬ್ಬಕ್ಕೆ ಹಾಕಿ ಮೇಲಿನ ಖಾನೆಯಲ್ಲಿಡಿ. ಬಿಸಾಡಬೇಕಾಗಿಲ್ಲ. ನೆಂಟರು ಬಂದರೆ ಇಳಿಸಿಕೊಳ್ಳಬಹುದು, ಎರಡು ನಿಮಿಷದ ಕೆಲಸ.

ಕಾರಣ ಸಿಂಪಲ್. 24 ಲೋಟ ಕೈಗೆ ಸಿಗುವ ಹಾಗಿದ್ದರೆ 24 ಲೋಟವೂ ಸಿಂಕಿಗೆ ಬೀಳುತ್ತವೆ. ನೀರು ಕುಡಿಯಲು ಒಂದು, ಕಾಫಿಗೆ ಒಂದು, ಮಜ್ಜಿಗೆಗೆ ಒಂದು. ಆರೇ ಇದ್ದರೆ, ಕುಡಿದವರು ಅದನ್ನೇ ತೊಳೆದು ಮತ್ತೆ ಬಳಸುತ್ತಾರೆ, ಬೇರೆ ದಾರಿಯೇ ಇಲ್ಲ. ನನ್ನ ಮಗ ಹದಿನಾಲ್ಕು ವರ್ಷದವನು, ಅವನಿಗೆ ಲೋಟ ತೊಳಿ ಅಂತ ವರ್ಷಗಟ್ಟಲೆ ಹೇಳಿದ್ದು ಬಾಯಿ ನೋವಿಗೆ ಬಂತೇ ಹೊರತು ಉಪಯೋಗ ಆಗಲಿಲ್ಲ. ಲೋಟ ಕಮ್ಮಿ ಮಾಡಿದ ಮೂರನೇ ದಿನ ತಾನೇ ತೊಳೆದುಕೊಂಡ. ಪ್ರತಿಯೊಬ್ಬರಿಗೂ ಹೆಸರು ಕೆತ್ತಿಸಿದ ಲೋಟ ಇದ್ದರೆ ಇನ್ನೂ ಒಳ್ಳೆಯದು, ಸ್ಟೀಲ್ ಪಾತ್ರೆ ಅಂಗಡಿಯವರೇ ಕೆತ್ತಿಕೊಡುತ್ತಾರೆ. ಸಿಂಕಿನಲ್ಲಿ ಬಿದ್ದಿರುವುದು ಯಾರದ್ದು ಅನ್ನುವ ಜಗಳವೇ ಇರೋದಿಲ್ಲ.

ಪಾತ್ರೆ ತೊಳೆಯುವ ವಿಚಾರ ಬಂದಾಗ ಕೆಲವು ಸಣ್ಣ ಸಂಗತಿ. ಹಾಲು ಕಾಯಿಸುವ ಪಾತ್ರೆಗೆ ಮೊದಲು ಸ್ವಲ್ಪ ನೀರು ಹಾಕಿ ತೊಳಸಿ ಚೆಲ್ಲಿ, ಆಮೇಲೆ ಹಾಲು ಹುಯ್ಯಿರಿ, ತಳ ಅಷ್ಟು ಹಿಡಿಯುವುದಿಲ್ಲ. ಹಾಲಿನ ಪಾತ್ರೆ, ದೋಸೆ ಹಿಟ್ಟಿನ ಪಾತ್ರೆ ಎರಡನ್ನೂ ತಣ್ಣೀರಿನಲ್ಲೇ ನೆನೆಸಿ. ಬಿಸಿನೀರು ಹಾಕಿದರೆ ಅಂಟಿದ್ದು ಬೆಂದು ಇನ್ನೂ ಗಟ್ಟಿಯಾಗುತ್ತದೆ. ಚಟ್ನಿ ರುಬ್ಬಿದ ತಕ್ಷಣ ಮಿಕ್ಸಿ ಜಾರಿಗೆ ಅರ್ಧ ಲೋಟ ನೀರು, ಒಂದು ಹನಿ ಸೋಪು ಹಾಕಿ ಎರಡು ಸುತ್ತು ತಿರುಗಿಸಿ. ಬ್ಲೇಡಿನ ಅಡಿ ಕೈ ಹಾಕಿ ತಿಕ್ಕುವ ಕಷ್ಟ ತಪ್ಪುತ್ತದೆ. ಅಲ್ಯೂಮಿನಿಯಂ ಕುಕ್ಕರಿನ ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಅಥವಾ ಚೂರು ಹುಣಸೆಹಣ್ಣು ಹಾಕಿದರೆ ಒಳಗೆ ಕಪ್ಪಾಗುವುದಿಲ್ಲ, ಹುಳಿ ಅದನ್ನು ತಡೆಯುತ್ತದೆ. ಕರಿದ ಬಾಣಲೆಯನ್ನು ಹಳೇ ಪೇಪರಿನಲ್ಲಿ ಒಮ್ಮೆ ಒರೆಸಿ ಆಮೇಲೆ ತೊಳೆಯಿರಿ, ಸೋಪು ಉಳಿಯುತ್ತದೆ, ಸಿಂಕಿನ ಪೈಪೂ ಕಟ್ಟಿಕೊಳ್ಳುವುದಿಲ್ಲ.

ಕಟ್ಟೆ ಮೇಲೆ ಏನಿರಬೇಕು

ದಿನಾ ಬಳಸುವುದು ಮಾತ್ರ. ನಮ್ಮ ಮನೆಯಲ್ಲಿ ಒಲೆ, ಮಿಕ್ಸಿ, ಒಗ್ಗರಣೆ ಡಬ್ಬಿ, ಎಣ್ಣೆ ಗಿಂಡಿ, ಉಪ್ಪು. ಅಷ್ಟೇ. ಗ್ರೈಂಡರ್ ವಾರಕ್ಕೆ ಒಂದು ಸಲ ಬೇಕು, ಆದರೆ ಅದನ್ನು ಎತ್ತಿ ಇಳಿಸುವುದು ಯಾರಿಗೂ ಆಗುವ ಕೆಲಸವಲ್ಲ, ಹಾಗಾಗಿ ಅದಕ್ಕೆ ಮೂಲೆಯಲ್ಲಿ ಖಾಯಂ ಜಾಗ ಕೊಟ್ಟಿದ್ದೇನೆ. ಒವನ್, ಸ್ಯಾಂಡ್‌ವಿಚ್ ಮೇಕರ್, ಜ್ಯೂಸರ್, ಇವುಗಳಲ್ಲಿ ನಿಜವಾಗಲೂ ಯಾವುದನ್ನು ಬಳಸುತ್ತೀರಿ ಅಂತ ನಿಮಗೇ ಗೊತ್ತು.

ಸಾಮಾನನ್ನು ಕೆಲಸ ನಡೆಯುವ ಜಾಗದಲ್ಲೇ ಇಡಿ. ಕಾಫಿ ಪುಡಿ, ಸಕ್ಕರೆ, ಫಿಲ್ಟರ್, ಹಾಲಿನ ಪಾತ್ರೆ ಎಲ್ಲ ಒಂದೇ ಖಾನೆಯಲ್ಲಿ. ಬೆಳಿಗ್ಗೆ ಕಣ್ಣು ಅರ್ಧ ಮುಚ್ಚಿಕೊಂಡೇ ಕಾಫಿ ಆಗಬೇಕು. ಲಟ್ಟಣಿಗೆ, ಮಣೆ, ಗೋಧಿ ಹಿಟ್ಟು ಮತ್ತೊಂದು ಕಡೆ. ನಾನು ಹತ್ತು ವರ್ಷ ಗೋಧಿ ಹಿಟ್ಟನ್ನು ಕೆಳಗಿನ ಮೂಲೆಯಲ್ಲಿ, ಲಟ್ಟಣಿಗೆಯನ್ನು ಎದುರಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಯಾಕೆ ಅಂದರೆ ಮೊದಲ ದಿನ ಅಲ್ಲಿಟ್ಟಿದ್ದೆ, ಅಷ್ಟೇ.

ಒಂದು ಎಚ್ಚರಿಕೆ. ಅಡುಗೆಮನೆಗೆ ಕಡಪ ಕಲ್ಲು ಹಾಕಿದ್ದರೆ ಕಲೆ ತೆಗೆಯಲು ನಿಂಬೆಹಣ್ಣು, ವಿನೆಗರ್ ಹಚ್ಚಬೇಡಿ. ಅದು ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಮಂಕಾಗಿ ಬಿಳಿ ಮಚ್ಚೆ ಉಳಿಯುತ್ತದೆ. ಮಾರ್ಬಲ್ಲಿಗೂ ಅದೇ ಮಾತು. ನನ್ನ ಹಳೇ ಮನೆಯ ಕಟ್ಟೆ ಮೇಲೆ ಅರ್ಧ ನಿಂಬೆಹಣ್ಣಿನ ಗುಂಡನೆ ಗುರುತು ಹಾಗೇ ಇತ್ತು, ಮನೆ ಮಾಲೀಕರು ನೋಡಲಿಲ್ಲ, ಪುಣ್ಯ.

ದಿನಸಿ: ಡಬ್ಬಿ ಹಿಡಿಸುವಷ್ಟೇ ಕೊಳ್ಳಿ

ರಬ್ಬರ್ ಬ್ಯಾಂಡ್ ಹಾಕಿದ ಅರ್ಧ ಪ್ಯಾಕೆಟ್‌ಗಳು ಎಷ್ಟಿವೆ ನಿಮ್ಮ ಮನೆಯಲ್ಲಿ? ನಮ್ಮಲ್ಲಿ ಮನೆ ಬದಲಾಯಿಸುವಾಗ ಮೂರು ಕಡೆ ಅವಲಕ್ಕಿ ಸಿಕ್ಕಿತು, ಮೂರೂ ಅರ್ಧರ್ಧ. ಡಬ್ಬಿ ಒಂದು ಕೆಜಿಯದಾದರೆ ಒಂದೇ ಕೆಜಿ ತನ್ನಿ. ಆಫರ್ ಇದೆ ಅಂತ ಎರಡು ತಂದರೆ ಉಳಿದದ್ದಕ್ಕೆ ಇನ್ನೊಂದು ಡಬ್ಬಿ, ಅದಕ್ಕೆ ಇನ್ನೊಂದು ಜಾಗ, ಆಮೇಲೆ ಅದರಲ್ಲಿ ಹುಳ. ಹೊಸದನ್ನು ಹಳೆಯದರ ಮೇಲೆ ಸುರಿಯಬೇಡಿ. ತಳದಲ್ಲಿ ಉಳಿದದ್ದನ್ನು ಮೊದಲು ಬಟ್ಟಲಿಗೆ ತೆಗೆದು, ಡಬ್ಬಿ ಒರೆಸಿ, ಹೊಸದು ಹಾಕಿ, ಹಳೆಯದು ಮೇಲೆ. ರವೆಯನ್ನು ತಂದ ದಿನವೇ ಹುರಿದಿಟ್ಟರೆ ಹುಳದ ಚಿಂತೆ ಕಮ್ಮಿ, ಉಪ್ಪಿಟ್ಟೂ ಬೇಗ ಆಗುತ್ತದೆ.

ಅಕ್ಕಿ ಮಾತ್ರ ಚೀಲ ತರುವ ಅಭ್ಯಾಸ ಎಲ್ಲರಿಗೂ ಇದೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಬಂದ ಮೇಲೆ ಅಂಗಡಿಗಳಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿತು, ನೋಡಿರಬಹುದು. ದೊಡ್ಡ ಸಂಸಾರಕ್ಕೆ ಸರಿ. ನಾಲ್ಕು ಜನ ಇದ್ದು, ರಾತ್ರಿ ಚಪಾತಿಯೋ ಮುದ್ದೆಯೋ ತಿನ್ನುವವರಾದರೆ ಚೀಲ ಮುಗಿಯಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಆರಿಸುವ ಕೆಲಸ ಶುರು. ನಾವು ಈಗ 10 ಕೆಜಿ ತರುತ್ತೇವೆ. ಸ್ವಲ್ಪ ದುಡ್ಡು ಜಾಸ್ತಿ, ಒಪ್ಪುತ್ತೇನೆ.

ನೆಲದ ಮೇಲೆ ಏನೂ ಬೇಡ

ಗುಡಿಸಿ ಒರೆಸುವ ಮುಂಚೆ ಎಷ್ಟು ಸಾಮಾನು ಎತ್ತುತ್ತೀರಿ ಅಂತ ಒಂದು ದಿನ ಎಣಿಸಿ. ನಾನು ಎಣಿಸಿದಾಗ 31 ಬಂತು: ಚಪ್ಪಲಿ, ಸ್ಕೂಲ್ ಬ್ಯಾಗು, ಈರುಳ್ಳಿ ಬುಟ್ಟಿ, ನೀರಿನ ಕ್ಯಾನು, ಕಾಲೊರೆಸು, ಹಳೇ ಪೇಪರಿನ ಕಟ್ಟು, ತೂಕದ ಮೆಷಿನ್. ಬಾಗಿಲ ಹಿಂದೆ ನಾಲ್ಕು ಕೊಕ್ಕೆ, ಚಪ್ಪಲಿಗೆ ಒಂದು ಸ್ಟ್ಯಾಂಡ್, ಈರುಳ್ಳಿ ಬುಟ್ಟಿಗೆ ಚಕ್ರದ ಸ್ಟ್ಯಾಂಡ್ ತಂದ ಮೇಲೆ ಆರಕ್ಕೆ ಇಳಿಯಿತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಎರಡನೇ ದಿನವೇ "ಏನಮ್ಮಾ, ಮನೆ ದೊಡ್ಡದಾದಂಗೆ ಐತೆ" ಅಂದರು. ಕೆಲಸದವರು ರಜೆ ಹಾಕಿದ ದಿನ ನಾವೇ ಹದಿನೈದು ನಿಮಿಷದಲ್ಲಿ ಗುಡಿಸಿ ಒರೆಸಬಹುದು ಅನ್ನುವ ಧೈರ್ಯ ಬಂದಿದ್ದು ಆಗಲೇ.

ಬಾತ್‌ರೂಮಿಗೂ ಒಂದು ಮಾತು. ಏಳೆಂಟು ಬಾಟಲಿ ಬೇಡ, ಟಾಯ್ಲೆಟ್ಟಿಗೆ ಒಂದು, ನೆಲಕ್ಕೆ ಒಂದು ಸಾಕು. ಬೋರ್‌ವೆಲ್ ನೀರಿನ ಬಿಳಿ ಕಲೆ ನಲ್ಲಿ ಮೇಲೆ ಕೂತಿದ್ದರೆ ನಿಂಬೆ ಸಿಪ್ಪೆ ತಿಕ್ಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆದರೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಬಾತ್‌ರೂಮಿನಲ್ಲಿ ಅದು ಅಪಾಯ.

ಬಟ್ಟೆ, ಸೀರೆ, ಮತ್ತು ಬ್ಲೌಸ್ ಪೀಸ್

ಮಡಚುವ ಕೆಲಸ ಕಮ್ಮಿ ಮಾಡಬೇಕಾದರೆ ಶರ್ಟು, ಕುರ್ತಾ ಎಲ್ಲ ಹ್ಯಾಂಗರಿನಲ್ಲೇ ಒಣಗಿಸಿ, ಹ್ಯಾಂಗರ್ ಸಮೇತ ಬೀರುವಿಗೆ ಹೋಗಲಿ. ಮಕ್ಕಳ ಒಳಬಟ್ಟೆ, ಸಾಕ್ಸ್ ಮಡಚಬೇಡಿ, ಒಂದೊಂದು ಬುಟ್ಟಿಗೆ ಹಾಕಿ ಬಿಡಿ. ಯಾರೂ ಬಂದು ನೋಡುವುದಿಲ್ಲ. ಬೆಡ್‌ಶೀಟ್ ಒಂದು ಮಂಚಕ್ಕೆ ಎರಡು, ನೆಂಟರಿಗೆ ಅಂತ ಒಂದು ಜೊತೆ ಇದ್ದರೆ ಆಯಿತು.

ರೇಷ್ಮೆ ಸೀರೆ ವಿಷಯದಲ್ಲಿ ನಾನು ಕಮ್ಮಿ ಮಾಡಿ ಅಂತ ಹೇಳುವುದಿಲ್ಲ, ನನಗೇ ಆಗಿಲ್ಲ. ಆದರೆ ಅವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ, ಇಲ್ಲದಿದ್ದರೆ ಮಡಿಸಿದ ಗೆರೆಯಲ್ಲೇ ಜರಿ ಮುರಿಯುತ್ತದೆ. ನುಸಿಗುಳಿಗೆ ಸೀರೆಗೆ ತಾಗಬಾರದು. ಹಳೇ ಹತ್ತಿ ಸೀರೆಗಳಿದ್ದರೆ ಕೌದಿ ಹೊಲಿಸಿ. ನಮ್ಮ ಅತ್ತೆ ಧಾರವಾಡ ಕಡೆಯವರು, ಎಂಟು ಸೀರೆ ಕೊಟ್ಟು ಎರಡು ಕೌದಿ ಹೊಲಿಸಿಕೊಂಡು ಬಂದರು. ಬೀರುವಿನಲ್ಲಿ ಒಂದು ಖಾನೆ ಖಾಲಿಯಾಯಿತು, ಚಳಿಗಾಲದ ಹೊದಿಕೆಯೂ ಆಯಿತು.

ಇನ್ನು ಬ್ಲೌಸ್ ಪೀಸ್. ಇದು ನಮ್ಮ ಮನೆಗಳಿಗೇ ವಿಶೇಷವಾದ ಸಮಸ್ಯೆ. ಅರಿಶಿನ ಕುಂಕುಮಕ್ಕೆ ಹೋದರೆ ಒಂದು, ಗೃಹಪ್ರವೇಶಕ್ಕೆ ಒಂದು, ಗೌರಿ ಹಬ್ಬಕ್ಕೆ ನಾಲ್ಕು. ಯಾರೂ ಹೊಲಿಸುವುದಿಲ್ಲ, ಎಲ್ಲರೂ ಮುಂದಿನವರಿಗೆ ಕೊಡುತ್ತಾರೆ, ಒಂದು ದಿನ ನೀವೇ ಕೊಟ್ಟಿದ್ದು ನಿಮಗೇ ವಾಪಸ್ ಬರುತ್ತದೆ. ನಾನು ಏನು ಮಾಡಿದೆ ಅಂದರೆ, ಐದು ಮಾತ್ರ ಇಟ್ಟುಕೊಂಡೆ. ಉಳಿದವುಗಳಲ್ಲಿ ಗಟ್ಟಿ ಬಟ್ಟೆಯವನ್ನು ಟೈಲರ್ ಹತ್ತಿರ ಕೊಟ್ಟು ತರಕಾರಿ ಚೀಲ ಹೊಲಿಸಿದೆ. ಈಗ ಯಾರಿಗಾದರೂ ಕೊಡಬೇಕಾದರೆ ಬಾಳೆಹಣ್ಣು, ತೆಂಗಿನಕಾಯಿ ಕೊಡುತ್ತೇನೆ, ತಿಂದು ಖರ್ಚಾಗುತ್ತದೆ ಅಲ್ವಾ. ತಾಂಬೂಲದ ಬ್ಯಾಗುಗಳೂ ಅಷ್ಟೇ, ಹತ್ತು ಇಟ್ಟುಕೊಂಡು ಉಳಿದದ್ದನ್ನು ಬೀದಿ ಕೊನೆಯ ಹೂವಿನವರಿಗೆ ಕೊಟ್ಟೆ, ಖುಷಿಯಿಂದ ತಗೊಂಡರು.

ದೇವರ ಮನೆ ಇನ್ನೊಂದು. ದಿನಾ ಹಚ್ಚಲು ಎರಡು ದೀಪ, ಒಂದು ಗಂಟೆ, ಒಂದು ಹರಿವಾಣ ಸಾಕು. ಉಳಿದ ಹಿತ್ತಾಳೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಹಬ್ಬಕ್ಕೆ ತೆಗೆದಾಗ ಅಷ್ಟು ಕಪ್ಪಾಗಿರುವುದಿಲ್ಲ. ಪ್ರತಿ ಶುಕ್ರವಾರ ಹನ್ನೆರಡು ದೀಪ ಉಜ್ಜುವ ಕಷ್ಟ ಯಾಕೆ?

ಕಾಗದ ಪತ್ರ, ವೈರು, ಮಾತ್ರೆ

ಮನೆ ಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿ, ಮಾರ್ಕ್ಸ್ ಕಾರ್ಡ್, ಇವನ್ನು ಎಂದೂ ಬಿಸಾಡಬೇಡಿ. ಒಂದು ಫೈಲು, ಎಲ್ಲರಿಗೂ ಗೊತ್ತಿರುವ ಒಂದು ಜಾಗ. ಡಿಎಲ್, ಆರ್‌ಸಿ ಡಿಜಿಲಾಕರಿನಲ್ಲಿ ಇಟ್ಟುಕೊಂಡರೆ ಪರ್ಸಿಗೆ ಭಾರ ಕಮ್ಮಿ. ಹಳೇ ಕರೆಂಟ್ ಬಿಲ್ಲು, ಮಿಕ್ಸಿ ಕೊಂಡಾಗಿನ ರಟ್ಟಿನ ಡಬ್ಬ, ವಾರಂಟಿ ಮುಗಿದ ಕಾರ್ಡು ಗುಜರಿಗೆ ಹೋಗಲಿ. ಮದುವೆ ಕಾರ್ಡಿನ ಮೇಲೆ ಗಣಪತಿ ಇದ್ದಾನೆ ಅಂತ ಹತ್ತು ವರ್ಷದ ಕಾರ್ಡು ಇಟ್ಟುಕೊಂಡವರಿದ್ದಾರೆ, ಗಣಪತಿಯನ್ನು ಕತ್ತರಿಸಿ ಇಟ್ಟುಕೊಂಡು ಉಳಿದದ್ದು ಕೊಡಿ.

ಪ್ರತಿ ಮನೆಯಲ್ಲೂ ಯಜಮಾನರದ್ದು ಒಂದು ವೈರಿನ ಡಬ್ಬ ಇರುತ್ತದೆ. ಸಣ್ಣ ಪಿನ್ನಿನ ಚಾರ್ಜರ್, ಟಿವಿ ಇಲ್ಲದ ರಿಮೋಟು, ಯಾವುದಕ್ಕೆ ಅಂತ ಗೊತ್ತಿಲ್ಲದ ಅಡಾಪ್ಟರ್. ಬಳಸುವ ಮೆಷಿನ್ ಮನೆಯಲ್ಲಿ ಇಲ್ಲ ಅಂದಮೇಲೆ ವೈರೂ ಬೇಡ. ಇದನ್ನು, ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಮಾಮೂಲಿ ಕಸಕ್ಕೆ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳುವ ಕಡೆ ಕೊಡಿ. ಹಳೇ ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯದ ಹಾಗೆ ಸುತ್ತಿ ಕೊಡಿ. ಮಾತ್ರೆ ಡಬ್ಬಿಯ ದಿನಾಂಕ ಯುಗಾದಿಗೊಮ್ಮೆ ನೋಡಿದರೆ ಸಾಕು.

ಬೇಕೋ ಬೇಡವೋ ಗೊತ್ತಾಗದಿದ್ದರೆ

ಕೈಯಲ್ಲಿ ಹಿಡಿದು ಯೋಚಿಸುತ್ತಾ ನಿಂತರೆ ಎಲ್ಲವೂ ಬೇಕು ಅನಿಸುತ್ತದೆ. ಹಾಗಾಗಿ ನಿರ್ಧಾರ ಮುಂದೂಡಿ. ಒಂದು ರಟ್ಟಿನ ಡಬ್ಬಕ್ಕೆ ಹಾಕಿ, ಟೇಪ್ ಅಂಟಿಸಿ, ಮೇಲೆ ತಾರೀಕು ಬರೆದಿಡಿ. ಬೇಕಾದಾಗ ತೆಗೆದುಕೊಳ್ಳಿ. ದೀಪಾವಳಿಗೆ ಕಟ್ಟಿದ್ದು ಯುಗಾದಿವರೆಗೂ ಬಿಚ್ಚಬೇಕಾಗಲಿಲ್ಲ ಅಂದರೆ ಒಳಗೆ ನೋಡದೆ ಕೊಟ್ಟುಬಿಡಿ. ಚಕ್ಕುಲಿ ಒರಳು, ಸಂಕ್ರಾಂತಿಯ ಸಕ್ಕರೆ ಅಚ್ಚು, ದಸರಾ ಗೊಂಬೆ ಇವು ವರ್ಷಕ್ಕೊಮ್ಮೆ ಬರುವವು, ಇವಕ್ಕೆ ಈ ಲೆಕ್ಕ ಇಲ್ಲ.

ಕೊಡುವಾಗ ಒಂದು ವಿಚಾರ. ಹರಿದ ಬಟ್ಟೆ, ಹಿಡಿ ಮುರಿದ ಬಾಣಲೆಯನ್ನು ಕೆಲಸದವರ ಕೈಗೆ ತುರುಕಿ ದಾನ ಮಾಡಿದೆ ಅಂದುಕೊಳ್ಳಬೇಡಿ. ಅವರ ಮನೆಯೂ ಚಿಕ್ಕದೇ, ಬೇಡ ಅನ್ನಲು ಅವರಿಗೆ ಸಂಕೋಚ. ಮೊದಲು ಕೇಳಿ, ಚೆನ್ನಾಗಿರುವುದನ್ನೇ ಕೊಡಿ. ಹರಿದದ್ದು ನೆಲ ಒರೆಸುವ ಬಟ್ಟೆ, ಮುರಿದದ್ದು ಗುಜರಿ.

ಮತ್ತೆ, ಬೇರೆಯವರ ಸಾಮಾನು ಅವರನ್ನು ಕೇಳದೆ ಮುಟ್ಟಬೇಡಿ. ಇದು ನಾನು ಅನುಭವದಿಂದ ಹೇಳುತ್ತಿರುವುದು. ಅತ್ತೆಯವರ ಒಂದು ತಾಮ್ರದ ಹಂಡೆ ಇದೆ, ಹಳೇ ಮನೆಯ ಅಟ್ಟದಿಂದ ಹೊಸ ಮನೆಯ ಅಟ್ಟಕ್ಕೆ ಬಂತು. ಗೀಸರ್ ಇರುವ ಮನೆಯಲ್ಲಿ ಹಂಡೆ ಯಾಕೆ, ತಾಮ್ರಕ್ಕೆ ಒಳ್ಳೆ ರೇಟು ಬರುತ್ತದೆ ಅಂತ ನಾನು ಎರಡು ಮೂರು ಸಲ ಮಾತು ತೆಗೆದೆ. "ಇರ್ಲಿ ಬಿಡವಾ, ನಮ್ಮ ತವರುಮನಿದದು" ಅಂದರು, ಅಷ್ಟಕ್ಕೇ ಸುಮ್ಮನಾದೆ.

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದವಲ್ಲ, ನಮ್ಮ ಬಿಲ್ಡಿಂಗಿನದೂ ನಿಂತುಹೋಯಿತು. ಎರಡು ದಿನಕ್ಕೊಮ್ಮೆ ಟ್ಯಾಂಕರ್. ಬಕೆಟ್ಟುಗಳನ್ನು ನಾನೇ ಕಮ್ಮಿ ಮಾಡಿ ಎರಡಕ್ಕೆ ಇಳಿಸಿದ್ದೆ, ನೀರು ಹಿಡಿದಿಡಲು ಪಾತ್ರೆಯೇ ಸಾಲದು. ನಮ್ಮ ಯಜಮಾನರು ಅಟ್ಟ ಹತ್ತಿ ಹಂಡೆ ಇಳಿಸಿದರು. ಅತ್ತೆ ಏನೂ ಅನ್ನಲಿಲ್ಲ. ಹುಣಸೆಹಣ್ಣು ನೆನೆಸಿ ತಂದು ನನ್ನ ಕೈಗೆ ಕೊಟ್ಟರು, ಉಜ್ಜು ಅಂತ.